ವಕಾಲತ್ತು ಕೊಟ್ಟವರು ಯಾರು?

(ಗಿರಣಿ ಕಾರ್ಮಿಕರ ಹಾಗೂ ಪೇಟೆಯ ಸಣ್ಣ ವ್ಯಾಪಾರಸ್ಥರ ಅಧ್ಯಯನ ಕೂಟದಲ್ಲಿ ಕಳೆದ ರವಿವಾರ ಮಾಡಿದ ಭಾಷಣ)



ಮೊದಲನೆಯ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯನ್ನು ಮಗನ ಕೈಗೆ ಒಪ್ಪಿಸಿ ಬಂದವರೂ ಇದ್ದೀರಿ. ಆದುದರಿಂದ ಪೀಠಿಕೆ ಹಾಕಿ ನಿಮ್ಮ ಹೊತ್ತು ಕಳೆಯುವುದಿಲ್ಲ.

ಹದಿನೈದು ದಿನಗಳ ಹಿಂದೆ ಗಿರಣಿಯ ಗೇಟಿನ ಎದುರಿಗಿರುವ ಚಹಾದಂಗಡಿಯಲ್ಲಿ ನಾವು ಕೂತಿದ್ದೆವು. ಇಬ್ಬರು ಕಾರ್ಮಿಕರ ನಡುವೆ ಬದಲಿ ಕೆಲಸದ ಸರದಿಯ ಬಗ್ಗೆ ಮಾತು ಬೆಳೆಯಿತು. ಇಬ್ಬರೂ ಒಂದೇ ಖಾತೆಯವರು, ಹನ್ನೆರಡು ವರ್ಷ ಒಟ್ಟಿಗೆ ದುಡಿದವರು. ಮಾತಿಗೆ ಮಾತು ಹತ್ತಿ ಒಬ್ಬನು ಇನ್ನೊಬ್ಬನಿಗೆ, "ನಿಮ್ಮವರು ದೇಶ ಕೇಳಿದರು, ಪಡಕೊಂಡರು. ಇನ್ನ ಇಲ್ಲೇನು ಲೆಕ್ಕ ಕೇಳ್ತಿ?" ಎಂದುಬಿಟ್ಟ. ಎದುರಿನವನು ಜಗಳವಾಡಲಿಲ್ಲ. ಬಸಿಯನ್ನು ಕೆಳಗಿಟ್ಟ, ಇಬ್ಬರ ಚಹಾದ ದುಡ್ಡನ್ನೂ ತಾನೇ ಕೊಟ್ಟ, ಎದ್ದು ಹೋದ. ಆಮೇಲೆ ಮೂರು ದಿವಸ ಅವನು ಆ ಅಂಗಡಿಯ ಕಡೆಗೆ ಬರಲಿಲ್ಲ.

ನಾವು ಅಲ್ಲಿಯೇ ಇದ್ದೆವು, ಏನೂ ಅನ್ನಲಿಲ್ಲ. ಅನ್ನಲು ನಾಲಗೆ ಏಳಲಿಲ್ಲ. ಏಕೆಂದರೆ ಅದೇ ಮಾತನ್ನು ನಾವು ಒಂಬತ್ತು ವರ್ಷ ಮಾಸ್ತರಿಕೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟಿದ್ದೆವು. ಮುಸ್ಲಿಂ ಲೀಗು ಪಾಕಿಸ್ತಾನ ಕೇಳಿತು, ಬ್ರಿಟಿಷರು ಕೊಟ್ಟರು, ಕಾಂಗ್ರೆಸ್ಸು ವಿಧಿಯಿಲ್ಲದೆ ಒಪ್ಪಿತು. ಮೂರು ವಾಕ್ಯ, ಎರಡು ಅಂಕ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಆ ಪಾಠದ ದಿನ ತಲೆ ತಗ್ಗಿಸಿ ಪೆನ್ಸಿಲ್ಲು ಹೆರೆಯುತ್ತ ಕೂಡುತ್ತಿದ್ದುದು ನಮಗೆ ಈಗ ನೆನಪಾಗುತ್ತದೆ. ಆಗ ಅದನ್ನು ಅವನ ಅಲಕ್ಷ್ಯವೆಂದು ತಿಳಿದು ಎರಡು ಸಲ ಎಬ್ಬಿಸಿ ನಿಲ್ಲಿಸಿದ್ದೂ ಉಂಟು.

ಆ ಚಹಾದಂಗಡಿಯ ಮಾತಿಗೆ ಉತ್ತರ ಹುಡುಕುತ್ತ ಹೋದಾಗ ನಮ್ಮ ಕೈಗೆ ಬಂದುದು ಆಯೇಶಾ ಜಲಾಲ್ ಎಂಬ ಇತಿಹಾಸಕಾರ್ತಿಯ ಪುಸ್ತಕಗಳು. ನಾವು ಮೆಟ್ರಿಕ್ ಮಾತ್ರ ಓದಿದವರು. ಇಂಗ್ಲೀಷು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಎಂಟು ಪುಟದಂತೆ ಓದಿದೆವು. ಈಕೆ ೧೯೫೬ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. ಉರ್ದುವಿನ ಕಥೆಗಾರ ಸಾದತ್ ಹಸನ್ ಮಂಟೋ ಅವರ ಬಂಧುವರ್ಗದವರು. ಕೇಂಬ್ರಿಜ್‌ನಲ್ಲಿ ಡಾಕ್ಟರೇಟು ಮಾಡಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಹೇಳಿದವರು. ಅವರ ಮೊದಲ ಪುಸ್ತಕ 'ದಿ ಸೋಲ್ ಸ್ಪೋಕ್ಸ್‌ಮನ್' ಹೊರಬಂದುದು ೧೯೮೫ರಲ್ಲಿ. ಏಕೈಕ ವಕ್ತಾರ ಎಂದು ಅದರ ಅರ್ಥ. ಜಿನ್ನಾ ಅವರು ತಮ್ಮನ್ನು ಕರೆದುಕೊಂಡ ರೀತಿ ಅದು. ಪಾಕಿಸ್ತಾನದಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಪಾಕಿಸ್ತಾನದ ರಾಷ್ಟ್ರಪಿತನ ಕಡತಗಳನ್ನು ಬಿಚ್ಚಿ, ಈತ ಕೇಳಿದ್ದೇನು, ಈತನಿಗೆ ಸಿಕ್ಕಿದ್ದೇನು, ಎರಡೂ ಒಂದೆಯೇ ಎಂದು ಕೇಳಿದಳು. ಎರಡೂ ಒಂದಲ್ಲ ಎಂಬುದು ಆಕೆ ಕಂಡ ಉತ್ತರ. ಬಹುಪಾಲು ಮುಸಲ್ಮಾನರಿಗೆ ಇಷ್ಟು ಕಡಿಮೆ ಒದಗಿದ ಒಂದು ಪಾಕಿಸ್ತಾನ ಬಂದದ್ದಾದರೂ ಹೇಗೆ ಎಂಬುದನ್ನೇ ಆ ಪುಸ್ತಕ ಉದ್ದಕ್ಕೂ ಶೋಧಿಸುತ್ತದೆ.

ಜಿನ್ನಾ ವಕೀಲರು ಎಂಬುದನ್ನು ಮರೆಯಬೇಡಿ. ೧೯೧೬ರಲ್ಲಿ ಲೋಕಮಾನ್ಯ ತಿಲಕರ ಮೇಲೆ ಸರಕಾರ ಮೊಕದ್ದಮೆ ಹೂಡಿತ್ತಲ್ಲ, ನಮ್ಮ ಬೆಳಗಾವಿಯಲ್ಲಿಯೂ ಅಹಮದನಗರದಲ್ಲಿಯೂ ಮಾಡಿದ ಸ್ವರಾಜ್ಯದ ಭಾಷಣಗಳಿಗಾಗಿ, ಆ ಖಟ್ಲೆಯಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ತಿಲಕರ ಪರವಾಗಿ ನಿಂತು ಗೆದ್ದವರು ಇದೇ ಜಿನ್ನಾ. ವಕೀಲನಾದವನಿಗೆ ಮೊದಲು ಬೇಕಾದುದು ಕಕ್ಷಿದಾರನ ವಕಾಲತ್ತು. ಹಿಂದೂಸ್ಥಾನದ ಅಷ್ಟೂ ಮುಸಲ್ಮಾನರ ವಕಾಲತ್ತು ಜಿನ್ನಾ ಅವರಿಗೆ ಕೊಟ್ಟವರು ಯಾರು, ಎಂದು ಕೊಟ್ಟರು, ಯಾವ ಶರತ್ತಿನ ಮೇಲೆ ಕೊಟ್ಟರು? ಇದೇ ಇಂದಿನ ನಮ್ಮ ಮಾತು.

ಮೊದಲು ಮತದ ವಿಷಯ. ೧೯೦೯ರ ಕಾಯಿದೆಯಿಂದ ಬ್ರಿಟಿಷರು ಮುಸಲ್ಮಾನರಿಗೆ ಪ್ರತ್ಯೇಕ ಮತಕ್ಷೇತ್ರ ಮಾಡಿದರು. ಎಂದರೆ ಮುಸಲ್ಮಾನ ಅಭ್ಯರ್ಥಿಗೆ ಮುಸಲ್ಮಾನನೇ ಮತ ಹಾಕಬೇಕು. ಹಿಂದೂ ಅಭ್ಯರ್ಥಿ ಮುಸಲ್ಮಾನನ ಮನೆಯ ಹೊಸ್ತಿಲು ಹತ್ತಬೇಕಾಗಿಲ್ಲ, ಮುಸಲ್ಮಾನ ಅಭ್ಯರ್ಥಿಗೆ ಹಿಂದೂವಿನ ಹಂಗಿಲ್ಲ. ಒಂದೇ ಬಾವಿಗೆ ಎರಡು ಗಡಗಡಿ ಹಾಕಿ ನಡುವೆ ಗೋಡೆ ಎಬ್ಬಿಸಿದಂತೆ. ಇದರ ಮೇಲೆ ಮತದ ಹಕ್ಕಾದರೂ ಯಾರಿಗೆ? ಭೂಮಿ ಕಂದಾಯ ಕಟ್ಟುವವನಿಗೆ, ತೆರಿಗೆ ಕೊಡುವವನಿಗೆ, ಇಷ್ಟು ಓದಿದವನಿಗೆ. ೧೯೩೫ರ ಕಾಯಿದೆ ಬಂದಮೇಲೆ ಕೂಡ ಬ್ರಿಟಿಷ್ ಪ್ರಾಂತಗಳಲ್ಲೆಲ್ಲ ಸೇರಿ ಮತದಾರರು ಸುಮಾರು ಮೂರು ಕೋಟಿ. ನಮ್ಮ ಈ ಊರು ಆಗ ಮುಂಬಯಿ ಪ್ರಾಂತದಲ್ಲಿತ್ತು. ಇಲ್ಲಿಯೂ ಅದೇ ಲೆಕ್ಕ. ಕೂಲಿಯವ, ನೇಕಾರ, ಹಮಾಲ, ಇವರಲ್ಲಿ ಬಹುಮಂದಿ ಆ ಯಾದಿಯ ಹೊರಗೆ.

ಆ ಸಣ್ಣ ಯಾದಿಯಲ್ಲಿಯೂ ೧೯೩೭ರ ಚುನಾವಣೆಯಲ್ಲಿ ಲೀಗಿಗೆ ಸಿಕ್ಕಿದ್ದೇನು? ಮುಸಲ್ಮಾನರಿಗಾಗಿ ಮೀಸಲಿದ್ದ ೪೮೨ ಸ್ಥಾನಗಳಲ್ಲಿ ಕಾಲು ಭಾಗವೂ ಅದಕ್ಕೆ ಬರಲಿಲ್ಲ. ಮುಸಲ್ಮಾನರು ಹೆಚ್ಚಾಗಿದ್ದ ಪಂಜಾಬಿನಲ್ಲಿ ಗೆದ್ದದ್ದು ಎರಡೇ ಎರಡು ಸ್ಥಾನ. ಅಲ್ಲಿ ಆಳಿದವರು ಸಿಕಂದರ್ ಹಯಾತ್ ಖಾನರ ಯೂನಿಯನಿಸ್ಟ್ ಪಕ್ಷದವರು, ಅಂದರೆ ಹಿಂದೂ, ಮುಸ್ಲಿಂ, ಸಿಖ್ಖ ಜಮೀನುದಾರರ ಕೂಟ. ಬಂಗಾಳದಲ್ಲಿ ಫಜ್ಲುಲ್ ಹಕ್ಕರ ಕೃಷಕ ಪ್ರಜಾ ಪಕ್ಷ ಸಾಲದ ಹೊರೆ ಹೊತ್ತ ರೈತನ ಹೆಸರು ಹೇಳಿ ಮತ ಕೇಳಿತು. ವಾಯವ್ಯ ಗಡಿ ಪ್ರಾಂತದಲ್ಲಿ ಖಾನ್ ಬಂಧುಗಳ ಪ್ರಭಾವ. ಅಲ್ಲಿ ಲೀಗಿಗೆ ಸೊನ್ನೆ. ಯಾವ ಪ್ರಾಂತಗಳು ಮುಂದೆ ಪಾಕಿಸ್ತಾನವಾದವೋ ಅಲ್ಲಿಯೇ ಪಾಕಿಸ್ತಾನದ ಪಕ್ಷಕ್ಕೆ ಗಟ್ಟಿಯಾದ ನೆಲೆಯಿರಲಿಲ್ಲ ಎಂಬುದನ್ನು ಗಮನಿಸಬೇಕು. ಅದರ ಬಲವಿದ್ದುದು ಸಂಯುಕ್ತ ಪ್ರಾಂತ, ಮುಂಬಯಿಗಳಂಥ, ಮುಸಲ್ಮಾನರು ಕಡಿಮೆ ಇದ್ದ ಕಡೆ.

ಹಾಗಾದರೆ ಮೂರೇ ವರ್ಷದಲ್ಲಿ ಜಿನ್ನಾ ಇಷ್ಟು ದೊಡ್ಡವರಾದದ್ದು ಹೇಗೆ? ಗಿರಣಿಯವರಿಗೆ ಇದನ್ನು ವಿವರಿಸುವುದು ಸುಲಭ. ಮಾನ್ಯತೆ ಪಡೆದ ಯೂನಿಯನ್ನು ಎಂದರೇನೆಂದು ನಿಮಗೆ ಗೊತ್ತು. ಖಾತೆಯಲ್ಲಿ ಸದಸ್ಯರು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಮಾಲೀಕ ಯಾರನ್ನು ಕರೆದು ಕುರ್ಚಿ ಕೊಡುತ್ತಾನೋ ಅವನೇ ಮುಂದಾಳು. ೧೯೩೯ರಲ್ಲಿ ಯುದ್ಧ ಬಂತು. ಕೇಳದೆ ದೇಶವನ್ನು ಯುದ್ಧಕ್ಕೆ ನೂಕಿದರೆಂದು ಕಾಂಗ್ರೆಸ್ಸಿನ ಮಂತ್ರಿಗಳು ರಾಜೀನಾಮೆ ಕೊಟ್ಟರು. ಕಾಂಗ್ರೆಸ್ಸಿಗೆ ಎದುರಾಗಿ ನಿಲ್ಲಿಸಲು ವೈಸರಾಯನಿಗೆ ಒಬ್ಬರು ಬೇಕಾಗಿತ್ತು. ೧೯೪೦ರ ಆಗಸ್ಟಿನಲ್ಲಿ ಸರಕಾರ ಒಂದು ಘೋಷಣೆ ಮಾಡಿತು: ದೊಡ್ಡ ಸಮುದಾಯಗಳು ಒಪ್ಪದ ಸರಕಾರಕ್ಕೆ ಅಧಿಕಾರ ಬಿಟ್ಟುಕೊಡುವುದಿಲ್ಲ. ಇದರಿಂದ ಜಿನ್ನಾ ಅವರ ಕೈಗೆ ತಡೆಯುವ ಅಧಿಕಾರ ಬಂತು, ಜನರನ್ನು ಕೂಡಿಸುವ ಮೊದಲೇ ಬಂತು. ೧೯೪೫ರ ಸಿಮ್ಲಾ ಸಮ್ಮೇಳನದಲ್ಲಿ ಅವರು ಹಿಡಿದ ಹಟವೂ ಅದೇ: ವೈಸರಾಯನ ಮಂಡಲಿಯಲ್ಲಿ ಮುಸಲ್ಮಾನ ಸದಸ್ಯರನ್ನು ಹೆಸರಿಸುವ ಹಕ್ಕು ಲೀಗಿಗೆ ಮಾತ್ರ. ಎದುರಿಗೆ ಕೂತಿದ್ದ ಕಾಂಗ್ರೆಸ್ಸಿನ ಅಧ್ಯಕ್ಷ ಮೌಲಾನಾ ಆಜಾದ್! ಮೌಲಾನಾರಿಗೆ ಮುಸಲ್ಮಾನರ ಪರವಾಗಿ ಮಾತಾಡುವ ಅಧಿಕಾರವಿಲ್ಲ, ಉರ್ದುವನ್ನೂ ಸರಾಗವಾಗಿ ಮಾತಾಡದ ಬ್ಯಾರಿಸ್ಟರಿಗೆ ಇದೆ. ಜುಲೈ ೧೪ರಂದು ವೈಸರಾಯ ವೇವೆಲ್ ಸಮ್ಮೇಳನವನ್ನು ಮುಗಿಸಿದ. ಒಬ್ಬನ 'ಒಲ್ಲೆ'ಯಿಂದ ಇಡೀ ಮಾತುಕತೆ ನಿಂತಿತೆಂದರೆ, ಇನ್ನು ಅವನ ಹತ್ತಿರವೇ ಹೋಗಬೇಕೆಂದು ಪಂಜಾಬಿನ ಜಮೀನುದಾರರೂ ಲೆಕ್ಕ ಹಾಕಿದರು.

ಈಗ ಲಾಹೋರ್ ಠರಾವಿಗೆ ಬರೋಣ. ೧೯೪೦ರ ಮಾರ್ಚಿನಲ್ಲಿ ಇದನ್ನು ಮಂಡಿಸಿದವರು ಬಂಗಾಳದ ಅದೇ ಫಜ್ಲುಲ್ ಹಕ್. ಠರಾವಿನಲ್ಲಿ ಪಾಕಿಸ್ತಾನ ಎಂಬ ಶಬ್ದವೇ ಇಲ್ಲ. ವಾಯವ್ಯ ಮತ್ತು ಪೂರ್ವದಲ್ಲಿ ಸ್ವತಂತ್ರ ರಾಜ್ಯಗಳು ಎಂದಿದೆ. ಒಂದೋ ಎರಡೋ ತಿಳಿಯದು. ಗಡಿ ಎಲ್ಲಿ ಎಂದಿಲ್ಲ. ಮೇಲೆ ಯಾವುದಾದರೂ ಕೇಂದ್ರ ಇದೆಯೋ ಇಲ್ಲವೋ ಎಂದಿಲ್ಲ. ದೊಡ್ಡ ವಕೀಲನೊಬ್ಬ ಇಷ್ಟು ಸಡಿಲಾದ ಕಾಗದಕ್ಕೆ ತನ್ನ ಹೆಸರನ್ನೇಕೆ ಕೊಟ್ಟ? ಜಲಾಲ್ ಹೇಳುವುದು, ಅದು ಬೇಕೆಂದೇ ಸಡಿಲು ಬಿಟ್ಟದ್ದು.

ನಿಮ್ಮಲ್ಲಿ ದನದ ಸಂತೆಗೆ ಹೋಗಿ ಬಂದವರು ಬಹಳ ಮಂದಿ ಇದ್ದೀರಿ. ದಲಾಲ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಾಕಿ ಬೆರಳು ಹಿಡಿಯುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಟವೆಲ್ಲು ಮಾತ್ರ. ಜಿನ್ನಾ ಅವರ ಪಾಕಿಸ್ತಾನ ಅಂಥ ಟವೆಲ್ಲು ಎಂಬುದು ಜಲಾಲರ ವಾದದ ಸಾರ, ಮಾತು ನಮ್ಮದು. ಅವರ ಕಕ್ಷಿದಾರರು ಎರಡು ತರಹದವರು, ಒಬ್ಬರ ಹಿತ ಇನ್ನೊಬ್ಬರ ಹಿತವಲ್ಲ. ಪಂಜಾಬು, ಬಂಗಾಳಗಳ ಮುಸಲ್ಮಾನ ಮುಂದಾಳುಗಳಿಗೆ ತಮ್ಮ ಪ್ರಾಂತದಲ್ಲಿ ದಿಲ್ಲಿ ಕೈ ಹಾಕಬಾರದು ಎಂಬುದಷ್ಟೇ ಬೇಕಿತ್ತು. ಸಂಯುಕ್ತ ಪ್ರಾಂತದವರು ನೂರಕ್ಕೆ ಹದಿನೈದರ ಆಸುಪಾಸಿನವರು. ಅವರಿಗೆ ದಿಲ್ಲಿಯಲ್ಲಿಯೇ ಒಬ್ಬ ಕಾವಲುಗಾರ ಬೇಕಿತ್ತು. ಮೊದಲಿನವರಿಗೆ ಕೇಂದ್ರ ಬೇಡ, ಎರಡನೆಯವರಿಗೆ ಕೇಂದ್ರ ಬೇಕು. ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಲು ಜಿನ್ನಾ ಕಂಡ ಉಪಾಯ: ಮುಸಲ್ಮಾನರು ಅಲ್ಪಸಂಖ್ಯಾತರಲ್ಲ, ಒಂದು ರಾಷ್ಟ್ರ. ಎರಡು ರಾಷ್ಟ್ರಗಳೆಂದ ಮೇಲೆ ತಲೆ ಎಣಿಸುವುದಿಲ್ಲ, ಸಮಪಾಲು ಕೇಳಬಹುದು. ಮೊದಲು ಬೇರೆಯೆಂದು ಒಪ್ಪಿಸಿಕೊಂಡು, ಆಮೇಲೆ ಸಮಾನರಾಗಿ ಒಂದು ಸಡಿಲ ಒಕ್ಕೂಟದಲ್ಲಿ ಕೂಡುವುದು. ಇದು ಸಾಗಬೇಕಾದರೆ ಪಂಜಾಬೂ ಬಂಗಾಳವೂ ಒಡೆಯದೆ ಇಡಿಯಾಗಿ ತಮ್ಮ ಕಡೆಗೆ ಬರಬೇಕು, ಅಲ್ಲಿನ ಹಿಂದೂ ಸಿಖ್ಖರ ಸಮೇತ. ಅವರು ಅಲ್ಲಿದ್ದರೆ ತಾನೆ ಇಲ್ಲಿನ ಮುಸಲ್ಮಾನರಿಗೆ ಭರವಸೆ? ಈ ಲೆಕ್ಕದಲ್ಲಿ ಮನುಷ್ಯರು ಒತ್ತೆಯಾಳುಗಳಾದರು ಎಂಬುದನ್ನು ನಾವು ಮರೆಮಾಚುವುದಿಲ್ಲ.

ಟವೆಲ್ಲಿನ ಕೆಳಗಿನ ಬೆರಳು ಹೊರಗೆ ಕಂಡದ್ದು ೧೯೪೬ರಲ್ಲಿ. ಚುನಾವಣೆಯಲ್ಲಿ ಲೀಗು ಕೇಂದ್ರ ಶಾಸನಸಭೆಯ ಮೂವತ್ತಕ್ಕೆ ಮೂವತ್ತೂ ಮುಸಲ್ಮಾನ ಸ್ಥಾನ ಗೆದ್ದಿತ್ತು. ಬಂಗಾಳದ ೧೧೯ರಲ್ಲಿ ನೂರಹತ್ತಕ್ಕೂ ಮಿಕ್ಕಿ ಅದರವು. ಬ್ರಿಟನ್ನಿನಿಂದ ಮೂವರು ಮಂತ್ರಿಗಳ ಆಯೋಗ ಬಂದು ಒಂದು ಯೋಜನೆ ಮುಂದಿಟ್ಟಿತು. ದೇಶ ಒಂದೇ, ಪ್ರಾಂತಗಳ ಮೂರು ಗುಂಪು, ಕೇಂದ್ರದ ಕೈಯಲ್ಲಿ ರಕ್ಷಣೆ, ವಿದೇಶ ವ್ಯವಹಾರ, ಸಾರಿಗೆ ಸಂಪರ್ಕ, ಇಷ್ಟೇ. ಬೇರೆ ದೇಶ ಕೊಡುವುದಿಲ್ಲವೆಂದು ಆಯೋಗ ಸ್ಪಷ್ಟವಾಗಿಯೇ ಬರೆದಿತ್ತು. ಬಂಧುಗಳೆ, ಜೂನ್ ೬ರಂದು ಇದನ್ನು ಒಪ್ಪಿದವರು ಯಾರು? ಜಿನ್ನಾ ಅವರ ಮುಸ್ಲಿಂ ಲೀಗು! ಪಾಕಿಸ್ತಾನ ಬಿಟ್ಟು ಬೇರೆ ಮಾತಿಲ್ಲವೆಂದು ಆರು ವರ್ಷ ಕೂಗಿದವರು ಒಂದೇ ದೇಶದ ಯೋಜನೆಗೆ ಹೂಂ ಎಂದರು. ಶಾಲೆಯಲ್ಲಿ ಈ ವಾಕ್ಯವನ್ನು ನಾವು ಒಂದು ದಿನವೂ ಹೇಳಲಿಲ್ಲ, ನಮ್ಮ ಕೈಯಲ್ಲಿದ್ದ ಪುಸ್ತಕದಲ್ಲಿ ಇರಲಿಲ್ಲ.

ಕಾಂಗ್ರೆಸ್ಸೂ ಒಪ್ಪಿತು, ಆದರೆ ಗುಂಪುಗಳ ವಿಷಯದಲ್ಲಿ ತನ್ನದೇ ಅರ್ಥ ಹಚ್ಚಿಕೊಂಡು. ಜುಲೈ ೧೦ರಂದು ಮುಂಬಯಿಯಲ್ಲಿ ನೆಹರೂ ಅವರು ಪತ್ರಕರ್ತರೆದುರಿಗೆ, ಸಂವಿಧಾನ ಸಭೆಗೆ ಹೋಗಲು ಒಪ್ಪಿದ್ದೇವೆಯೇ ಹೊರತು ಬೇರೆ ಯಾವುದಕ್ಕೂ ಕಟ್ಟುಬಿದ್ದಿಲ್ಲ ಎಂಬ ಅರ್ಥದ ಮಾತಾಡಿದರು. ಆ ತಿಂಗಳ ಕೊನೆಗೆ ಲೀಗು ತನ್ನ ಒಪ್ಪಿಗೆ ಹಿಂತೆಗೆದುಕೊಂಡಿತು. ಆಗಸ್ಟ್ ೧೬ರಂದು ನೇರ ಕಾರ್ಯಾಚರಣೆಯ ದಿನವೆಂದು ಕರೆ ಕೊಟ್ಟಿತು. ಕಲಕತ್ತೆಯ ಬೀದಿಗಳಲ್ಲಿ ನಾಲ್ಕು ದಿನಗಳಲ್ಲಿ ಸಾವಿರಾರು ಮಂದಿ ಸತ್ತರು. ಅದು ನವಖಾಲಿಗೆ, ಬಿಹಾರಕ್ಕೆ, ಬಳಿಕ ರಾವಲ್ಪಿಂಡಿಯ ಹಳ್ಳಿಗಳಿಗೆ ಹಬ್ಬಿತು.

ಇನ್ನು ಮುಂದಿನದು ತಕ್ಕಡಿಯ ಇನ್ನೊಂದು ತಟ್ಟೆ. ೧೯೪೭ರ ಮಾರ್ಚ್ ೮ರಂದು ಪಂಜಾಬನ್ನು ಒಡೆಯಬೇಕೆಂದು ಠರಾವು ಮಾಡಿದ್ದು ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿ. ರಾವಲ್ಪಿಂಡಿಯ ಸಿಖ್ಖರ, ಹಿಂದೂಗಳ ಭಯ ನಿಜವಾದುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದಿಲ್ಲಿಯ ನಾಯಕರಿಗೆ ಬೇರೊಂದು ಲೆಕ್ಕವೂ ಇತ್ತು. ಸಡಿಲ ಕೇಂದ್ರದ ಇಡೀ ದೇಶಕ್ಕಿಂತ ಬಿಗಿ ಕೇಂದ್ರದ ಚಿಕ್ಕ ದೇಶ ಲೇಸು. ಬಂಗಾಳವನ್ನು ಒಡೆಯದೆ ಸ್ವತಂತ್ರವಾಗಿ ಇಡೋಣವೆಂದು ಲೀಗಿನ ಸುಹ್ರಾವರ್ದಿ ಮತ್ತು ಸುಭಾಷರ ಅಣ್ಣ ಶರತ್ ಬೋಸರು ಕೂಡಿ ಯತ್ನಿಸಿದರು. ಜಿನ್ನಾ ಅದಕ್ಕೆ ಅಡ್ಡ ಬರಲಿಲ್ಲ, ಕಾಂಗ್ರೆಸ್ಸಿನ ವರಿಷ್ಠರು ಬಂದರು. ಕಡೆಗೆ ಜೂನ್ ೩ರ ಯೋಜನೆಯಲ್ಲಿ ಎರಡೂ ಪ್ರಾಂತಗಳು ಹೋಳಾದವು. ಅಂಥದನ್ನು ಹುಳು ತಿಂದ ಪಾಕಿಸ್ತಾನವೆಂದು ಜಿನ್ನಾ ತಾವೇ ಹಿಂದೆ ತಿರಸ್ಕರಿಸಿದ್ದರು. ಅದನ್ನೇ ಕೈಚಾಚಿ ತೆಗೆದುಕೊಂಡರು.

ನಮ್ಮ ಸಮಾಜವಾದಿಗಳಿಗೆ ಇದು ಪೂರ್ತಿ ಹೊಸ ಮಾತೇನಲ್ಲ. ವಿಭಜನೆಯನ್ನು ಒಪ್ಪಿದ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಸಭೆಗೆ ಲೋಹಿಯಾ ಅವರನ್ನೂ ಜಯಪ್ರಕಾಶರನ್ನೂ ವಿಶೇಷವಾಗಿ ಕರೆಸಿದ್ದರು. ಮೌಲಾನಾ ಆಜಾದರ ಆತ್ಮಕಥೆ ಬಂದಾಗ ಅದರ ವಿಮರ್ಶೆಯೆಂದು ಹೊರಟ ಲೋಹಿಯಾ, ೧೯೬೦ರಲ್ಲಿ ದೇಶ ವಿಭಜನೆಯ ತಪ್ಪಿತಸ್ಥರ ಬಗೆಗೆ ಒಂದು ಪುಸ್ತಕವನ್ನೇ ಬರೆದರು. ದಣಿದ ನಾಯಕರ ಅಧಿಕಾರದ ಆತುರವನ್ನು ಅದರಲ್ಲಿ ಬಯಲಿಗಿಟ್ಟರು. ಲೋಹಿಯಾ ಸಿಟ್ಟಿನಿಂದ ಬರೆದದ್ದನ್ನು ಜಲಾಲ್ ಇಪ್ಪತ್ತೈದು ವರ್ಷಗಳ ಮೇಲೆ ಕಡತ ಹಿಡಿದು ಬರೆದರು ಎಂದರೆ ಅರ್ಧ ಸರಿ. ಮಿಕ್ಕರ್ಧ, ಅಂದರೆ ಲೀಗಿನ ಒಳಮನೆ, ಅವರದೇ ಶೋಧ.

ಬಿಲ್ಲು ಯಾರಿಗೆ ಬಂತು? ಸುಮಾರು ಒಂದೂವರೆ ಕೋಟಿ ಜನ ಮನೆ ಬಿಟ್ಟರು, ಲಕ್ಷಗಟ್ಟಲೆ ಸತ್ತರು. ಯಾವ ಸಂಯುಕ್ತ ಪ್ರಾಂತದ ಮುಸಲ್ಮಾನರ ರಕ್ಷಣೆಗೆಂದು ಈ ಕೂಗು ಎದ್ದಿತೋ ಅವರು ಬಹುಪಾಲು ಇಲ್ಲಿಯೇ ಉಳಿದರು. ೧೯೫೧ರ ಜನಗಣತಿಯಲ್ಲಿ ಭಾರತದ ಮುಸಲ್ಮಾನರು ಮೂರೂವರೆ ಕೋಟಿ. ಅವರಿಗೆ ಕಾವಲುಗಾರನೂ ಇಲ್ಲ, ಸಮಪಾಲೂ ಇಲ್ಲ. ಉಳಿದದ್ದು ಚಹಾದಂಗಡಿಯ ಆ ಒಂದು ಮಾತು.

ಇನ್ನು ಎರಡನೆಯ ವಿಷಯ. ಪಾಕಿಸ್ತಾನದಲ್ಲಿ ಮತ್ತೆ ಮತ್ತೆ ಸೈನ್ಯವೇ ಏಕೆ ಗದ್ದುಗೆ ಏರಿತು? "ಅವರ ಜಾತಿಯೇ ಹಾಗೆ, ಅವರಿಗೆ ಪ್ರಜಾಪ್ರಭುತ್ವ ಒಗ್ಗುವುದಿಲ್ಲ" ಎನ್ನುವವರು ನಮ್ಮ ಪೇಟೆಯಲ್ಲಿ ಕಡಿಮೆಯಿಲ್ಲ. ಜಲಾಲರ ಇನ್ನೊಂದು ಪುಸ್ತಕ, ೧೯೯೦ರ 'ದಿ ಸ್ಟೇಟ್ ಆಫ್ ಮಾರ್ಷಲ್ ರೂಲ್', ಇದಕ್ಕೆ ಧರ್ಮದಲ್ಲಿ ಉತ್ತರ ಹುಡುಕುವುದಿಲ್ಲ, ಜಮಾಖರ್ಚಿನಲ್ಲಿ ಹುಡುಕುತ್ತದೆ. ವ್ಯಾಪಾರಸ್ಥರು ಸ್ವಲ್ಪ ಕಿವಿಗೊಡಬೇಕು.

ಅಣ್ಣತಮ್ಮಂದಿರು ಪಾಲಾದಾಗ ಹಳೆಯ ಅಂಗಡಿ, ಗಲ್ಲಾಪೆಟ್ಟಿಗೆ, ಬೋರ್ಡು ಎಲ್ಲ ಅಣ್ಣನಿಗೆ ಹೋಯಿತು. ದಿಲ್ಲಿಯ ಕೇಂದ್ರ ಸರಕಾರ ಕುರ್ಚಿ ಮೇಜು ಸಹಿತ ಭಾರತದ ಕೈಯಲ್ಲಿ ಉಳಿಯಿತು. ಪಾಕಿಸ್ತಾನ ಕರಾಚಿಯಲ್ಲಿ ಒಂದು ಕೇಂದ್ರವನ್ನು ಹೊಸದಾಗಿ ಕಟ್ಟಬೇಕಾಯಿತು. ಆಸ್ತಿಯಲ್ಲಿ ಅದರ ಪಾಲು ನೂರಕ್ಕೆ ಹದಿನೇಳೂವರೆ. ಸೈನ್ಯದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು. ಹತ್ತಿ ಬೆಳೆಯುವ ನೆಲ ಅದಕ್ಕೆ ಬಂತು, ನೂಲುವ ಗಿರಣಿಗಳು ಇಲ್ಲಿ ಉಳಿದವು: ಇಲ್ಲಿ ೩೮೦ರ ಸುಮಾರು, ಅಲ್ಲಿ ೧೪. ಜಗತ್ತಿನ ಒಳ್ಳೆಯ ಸೆಣಬು ಪೂರ್ವ ಬಂಗಾಳದ್ದು; ಸೆಣಬಿನ ಗಿರಣಿ ಅಲ್ಲಿ ಒಂದೂ ಇರಲಿಲ್ಲ, ಎಲ್ಲ ಹೂಗ್ಲಿಯ ದಂಡೆಯಲ್ಲಿ. ರೊಕ್ಕದ ಪಾಲು ೭೫ ಕೋಟಿಯಲ್ಲಿ ಇಪ್ಪತ್ತು ಕೊಟ್ಟು ಉಳಿದ ೫೫ ಕೋಟಿಯನ್ನು ಕಾಶ್ಮೀರದ ಯುದ್ಧದ ಕಾರಣಕ್ಕೆ ನಮ್ಮ ಸರಕಾರ ತಡೆಹಿಡಿಯಿತು. ೧೯೪೮ರ ಜನವರಿಯಲ್ಲಿ ಗಾಂಧೀಜಿ ಉಪವಾಸ ಕೂತಮೇಲೆ ಬಿಟ್ಟಿತು.

ಹೀಗೆ ಗಲ್ಲಾ ಬರಿದಾದ ಮನೆಯಲ್ಲಿ ಯುದ್ಧದ ಖರ್ಚು ಬಾಗಿಲಿಗೆ ಬಂತು. ಮೊದಲ ವರ್ಷಗಳಲ್ಲಿ ಕೇಂದ್ರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ಷಣೆಗೇ ಹೋಗುತ್ತಿತ್ತು. ಆ ಹಣ ತರಬೇಕಾದರೆ ಪ್ರಾಂತಗಳ ಜೇಬಿಗೆ ಕೈ ಹಾಕಬೇಕು. ಪ್ರಾಂತಗಳ ಜನರನ್ನು ಒಪ್ಪಿಸಲು ಬೇರುಬಿಟ್ಟ ಪಕ್ಷ ಬೇಕು. ಲೀಗಿಗೆ ಆ ಬೇರು ಇರಲಿಲ್ಲವೆಂದು ಮೊದಲೇ ಹೇಳಿದೆವಲ್ಲ, ಅದರ ಫಲ ಇಲ್ಲಿ ಕಾಣುತ್ತದೆ. ಪಕ್ಷ ಮಾಡಲಾರದ ಕೆಲಸವನ್ನು ಅಧಿಕಾರಿಗಳು ಮಾಡಿದರು. ಅಧಿಕಾರಿಗಳ ಬೆನ್ನಿಗೆ ಸೈನ್ಯ ನಿಂತಿತು. ಸೈನ್ಯದ ಬೆನ್ನಿಗೆ ಅಮೆರಿಕ. ೧೯೫೪ರ ಮೇ ತಿಂಗಳಲ್ಲಿ ಅಮೆರಿಕದೊಡನೆ ಶಸ್ತ್ರಸಹಾಯದ ಒಪ್ಪಂದವಾಯಿತು.

ಅದೇ ತಿಂಗಳ ಇನ್ನೊಂದು ಸಂಗತಿಯನ್ನು ಗಿರಣಿಯವರು ಕೇಳಬೇಕು. ಪೂರ್ವ ಬಂಗಾಳದಲ್ಲಿ ಮಾರ್ಚಿನಲ್ಲಿ ಚುನಾವಣೆಯಾಗಿ ಲೀಗು ನೆಲಕಚ್ಚಿತ್ತು. ಮುಸಲ್ಮಾನರ ೨೩೭ ಸ್ಥಾನಗಳಲ್ಲಿ ಅದಕ್ಕೆ ಹತ್ತರ ಆಸುಪಾಸು ಮಾತ್ರ. ಮುಖ್ಯಮಂತ್ರಿಯಾದವರು ಲಾಹೋರ್ ಠರಾವು ಮಂಡಿಸಿದ ಅದೇ ಫಜ್ಲುಲ್ ಹಕ್. ಮೇ ತಿಂಗಳಲ್ಲಿ ನಾರಾಯಣಗಂಜದ ಆದಮ್‌ಜೀ ಸೆಣಬಿನ ಗಿರಣಿಯಲ್ಲಿ ಬಂಗಾಳಿ ಕಾರ್ಮಿಕರಿಗೂ ಹೊರಗಿನಿಂದ ಬಂದ ಉರ್ದು ಮಾತಿನ ಕಾರ್ಮಿಕರಿಗೂ ಮಾರಾಮಾರಿಯಾಗಿ ನೂರಾರು ಮಂದಿ ಸತ್ತರು. ಇಬ್ಬರೂ ಮುಸಲ್ಮಾನರೇ, ಒಂದೇ ಗಿರಣಿಯ ಕೂಲಿ ತಿನ್ನುತ್ತಿದ್ದವರು. ಕೆಲವೇ ದಿನಗಳಲ್ಲಿ ಕರಾಚಿಯ ಸರಕಾರ ಫಜ್ಲುಲ್ ಹಕ್ಕರ ಮಂತ್ರಿಮಂಡಲವನ್ನು ವಜಾ ಮಾಡಿತು. ಆ ಗಲಭೆ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಗುಲಾಂ ಮುಹಮ್ಮದ್ ಸಂವಿಧಾನ ಸಭೆಯನ್ನೇ ಮುಚ್ಚಿದರು. ಅವರು ಜನ ಆರಿಸಿದವರಲ್ಲ, ಹಣಕಾಸಿನ ಇಲಾಖೆಯಿಂದ ಬಂದ ಹಳೆಯ ಅಧಿಕಾರಿ. ೧೯೫೫ರಲ್ಲಿ ಅಲ್ಲಿಯ ವರಿಷ್ಠ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ೧೯೫೮ರ ಅಕ್ಟೋಬರ್ ೭ರಂದು ಸೈನಿಕ ಶಾಸನ ಬಂದಾಗ, ಮೊದಲ ಸಾರ್ವತ್ರಿಕ ಚುನಾವಣೆ ಕೆಲವೇ ತಿಂಗಳು ದೂರವಿತ್ತು. ವಯಸ್ಕ ಮತದಾನದ ಮೊದಲ ದೇಶವ್ಯಾಪಿ ಚುನಾವಣೆ ಅಲ್ಲಿ ನಡೆದುದು ೧೯೭೦ರ ಡಿಸೆಂಬರಿನಲ್ಲಿ; ಪೂರ್ವದ ೧೬೨ ಸ್ಥಾನಗಳಲ್ಲಿ ೧೬೦ ಅವಾಮಿ ಲೀಗಿಗೆ ಹೋದವು. ಅದನ್ನು ಒಪ್ಪಲಾರದೆ ಸೈನ್ಯ ಗುಂಡು ಹಾರಿಸಿತು, ೧೯೭೧ರಲ್ಲಿ ಬಾಂಗ್ಲಾದೇಶವಾಯಿತು.

ಇದನ್ನು ಕೇಳಿ ನಾವು ಬೀಗಬೇಕಾಗಿಲ್ಲ. ೧೯೯೫ರ ಇನ್ನೊಂದು ಪುಸ್ತಕದಲ್ಲಿ ಜಲಾಲ್ ಎರಡೂ ದೇಶಗಳನ್ನು ಪಕ್ಕಪಕ್ಕಕ್ಕಿಟ್ಟು ತೂಗುತ್ತಾರೆ. ೧೯೪೭ರಲ್ಲಿ ಎರಡೂ ದೇಶಗಳು ಆಳಿದ್ದು ೧೯೩೫ರ ಅದೇ ಬ್ರಿಟಿಷ್ ಕಾಯಿದೆಯಿಂದ. ಅದೇ ಕಲೆಕ್ಟರು, ಅದೇ ಪೋಲೀಸು, ಅದೇ ಗವರ್ನರು. ಆ ಕಾಯಿದೆಯ ೯೩ನೆಯ ಕಲಮಿನ ಪ್ರಕಾರ ಗವರ್ನರು ಮಂತ್ರಿಗಳನ್ನು ಬದಿಗೊತ್ತಿ ತಾನೇ ಆಳಬಹುದಿತ್ತು. ನಮ್ಮ ಸಂವಿಧಾನದಲ್ಲಿ ಅದು ೩೫೬ ಆಯಿತು. ೧೯೫೯ರಲ್ಲಿ ಕೇರಳದ ಸರಕಾರ ಅದರಿಂದಲೇ ಹೋಯಿತು. ನಮ್ಮ ಕರ್ನಾಟಕದಲ್ಲಿ ೧೯೮೯ರ ಏಪ್ರಿಲಿನಲ್ಲಿ ಎಸ್. ಆರ್. ಬೊಮ್ಮಾಯಿ ಅವರ ಸರಕಾರ ಹೋದದ್ದೂ ಅದರಿಂದಲೇ. ವಿಧಾನಸಭೆಯಲ್ಲಿ ಬಹುಮತ ತೋರಿಸುತ್ತೇನೆಂದರೂ ಬಿಡಲಿಲ್ಲ. ಬೊಮ್ಮಾಯಿ ಕೋರ್ಟಿಗೆ ಹೋದರು. ೧೯೯೪ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಬಹುಮತದ ಪರೀಕ್ಷೆ ಸದನದಲ್ಲಿಯೇ ಆಗಬೇಕೆಂದಿತು. ೧೯೫೫ರ ಕರಾಚಿಯ ಕಥೆಯನ್ನೂ ೧೯೯೪ರ ದಿಲ್ಲಿಯ ಕಥೆಯನ್ನೂ ಒಟ್ಟಿಗಿಟ್ಟು ನೋಡಿದರೆ ವ್ಯತ್ಯಾಸ ಯಾರ ರಕ್ತದಲ್ಲಿಯೂ ಇಲ್ಲವೆಂದು ತಿಳಿಯುತ್ತದೆ. ಕಾಂಗ್ರೆಸ್ಸಿಗೆ ಹಳ್ಳಿಹಳ್ಳಿಯಲ್ಲಿ ಶಾಖೆಯಿತ್ತು, ಬೇಗನೆ ಚುನಾವಣೆ ನಡೆದು ಜನರಿಗೆ ಮತ ಹಾಕುವ ರೂಢಿಯಾಯಿತು, ಸೈನ್ಯ ಬ್ಯಾರಕ್ಕಿನಲ್ಲಿ ಉಳಿಯಿತು. ಆದರೂ ೧೯೭೫ರ ಜೂನಿನಿಂದ ಸುಮಾರು ಇಪ್ಪತ್ತೊಂದು ತಿಂಗಳು ಏನಾಯಿತೆಂಬುದು ಇಲ್ಲಿ ಕೂತಿರುವ ಹಿರಿಯರಿಗೆ ಹೇಳಬೇಕಾಗಿಲ್ಲ. ಐದು ಜನ ಕೂಡಬಾರದೆನ್ನುವ ೧೪೪ನೆಯ ಕಲಮು ಗಡಿಯ ಆಚೆಗೂ ಈಚೆಗೂ ಒ‍ಂದೇ ಆಗಿತ್ತು. ೨೦೨೪ರ ಜುಲೈಯಿಂದ ನಮ್ಮಲ್ಲಿ ಅದರ ಅಂಕಿ ೧೬೩ ಆಗಿದೆ. ಲಾಠಿಯ ಅಳತೆ ಬದಲಾದ ವರದಿಯಿಲ್ಲ.

ಆಕೆ ಹೇಳಿದ್ದೆಲ್ಲ ವೇದವಾಕ್ಯವೆಂದು ನಾವು ತಿಳಿದಿಲ್ಲ. ೨೦೧೫ರಲ್ಲಿ ವೆಂಕಟ್ ಧೂಲಿಪಾಳ ಎಂಬ ಇತಿಹಾಸಕಾರರು ಸಂಯುಕ್ತ ಪ್ರಾಂತದ ಪತ್ರಿಕೆ, ಭಾಷಣ, ಮೌಲ್ವಿಗಳ ಬರಹಗಳನ್ನೆಲ್ಲ ಜಾಲಾಡಿ, ಪಾಕಿಸ್ತಾನದ ಕಲ್ಪನೆ ಅಷ್ಟೇನೂ ಮಸುಕಾಗಿರಲಿಲ್ಲ, ಹೊಸ ಮದೀನಾ ಕಟ್ಟುತ್ತೇವೆಂಬ ಆಸೆ ಜನರಲ್ಲಿ ನಿಜವಾಗಿ ಇತ್ತು ಎಂದು ವಾದಿಸಿದರು. ನಮಗೆ ತೋರುವುದಿಷ್ಟು: ಟವೆಲ್ಲಿನ ಕೆಳಗೆ ಚೌಕಾಸಿ ನಡೆದಿತ್ತು ಎಂಬುದು ನಿಜ, ಸುತ್ತ ನಿಂತವರು ಎತ್ತು ತಮಗೇ ಬಂತೆಂದು ಕುಣಿದದ್ದೂ ನಿಜ. ಹಾಗೆ ಕುಣಿಸಿದ ದಲಾಲ, "ನಾನು ಬರೀ ಬೆರಳು ಹಿಡಿದಿದ್ದೆ" ಎಂದರೆ ಒಪ್ಪಲಾಗದು. ಕಲಕತ್ತೆಯ ಹೆಣಗಳ ಲೆಕ್ಕ ಜಿನ್ನಾ ಅವರ ಖಾತೆಗೂ ಸೇರುತ್ತದೆ. ಇನ್ನೊಂದು ತಕರಾರೂ ಇದೆ. ಆ ದಪ್ಪ ಪುಸ್ತಕದಲ್ಲಿ ವೈಸರಾಯರು, ಬ್ಯಾರಿಸ್ಟರರು, ಜಮೀನುದಾರರು ಪುಟಪುಟಕ್ಕೂ ಬರುತ್ತಾರೆ. ಕಾನಪುರದ ಗಿರಣಿಯ ಮುಸಲ್ಮಾನ ನೇಕಾರ ಏನೆಂದ ಎಂದು ಹುಡುಕಿದರೆ ನಮ್ಮ ಕಣ್ಣಿಗೆ ಬೀಳಲಿಲ್ಲ. ವಕಾಲತ್ತಿನ ಮೇಲೆ ಅವನ ಹೆಬ್ಬೆಟ್ಟು ಇರಲಿಲ್ಲ, ಇತಿಹಾಸದಲ್ಲಿಯೂ ಇಲ್ಲ.

ಇಷ್ಟನ್ನು ಕಟ್ಟಿಕೊಂಡು ಮೊನ್ನೆ ಗುರುವಾರ ನಾವು ಮತ್ತೆ ಆ ಚಹಾದಂಗಡಿಗೆ ಹೋದೆವು. ಎದ್ದು ಹೋಗಿದ್ದ ಆ ಸಂಗಾತಿ ಮೂಲೆಯ ಬೆಂಚಿನಲ್ಲಿದ್ದರು. ೧೯೪೬ರ ಚುನಾವಣೆ, ಮತದಾರರ ಯಾದಿ ಎಲ್ಲ ಹೇಳಿದೆವು. ಅವರು ಪೂರ್ತಿ ಕೇಳಿ, "ಮಾಸ್ತರ್ರೀ, ನಮ್ಮ ಅಜ್ಜ ಇದೇ ಊರಾಗ ಹಮಾಲಿ ಮಾಡತಿದ್ರು. ಅವರಿಗೆ ಓಟ ಇತ್ತೇನ್ರೀ?" ಎಂದರು. ಇರಲಿಕ್ಕಿಲ್ಲ ಎಂದೆವು. "ಹಂಗಾರ ಅವರು ಏನ ಕೇಳಿದ್ರು?" ಎಂದರು. ಅಷ್ಟರಲ್ಲಿ ಅಂದು ಆ ಮಾತಾಡಿದ್ದ ಸಂಗಾತಿಯೂ ಒಳಗೆ ಬಂದು ಎದುರು ಬೆಂಚಿನಲ್ಲಿ ಕೂತರು. ಅವರ ಅಜ್ಜನೂ ಅದೇ ಅಡತಿ ಅಂಗಡಿಯಲ್ಲಿ ಹಮಾಲಿ ಮಾಡಿದವರಂತೆ. ಇಬ್ಬರೂ ಇವತ್ತು ಈ ಸಭೆಯಲ್ಲಿ ಇದ್ದಾರೆ, ಬೇರೆ ಬೇರೆ ಸಾಲಿನಲ್ಲಿ ಕೂತಿದ್ದಾರೆ. ಪ್ರಶ್ನೆ ಕೇಳುವವರು ಕೇಳಬಹುದು. ಎರಡನೆಯ ಪಾಳಿಯ ಭೋಂಗಾ ಆಗುವವರೆಗೆ ಹೊತ್ತಿದೆ.